ಎತ್ತಿನ ಕೊರಳಿನ ಕವಡೆ ಸರ: ಕಡಲಿನ ಬಸವನಹುಳು ಕಡೂರು ಸೀಮೆಗೆ ಬಂದ ಕಥೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)



ಹೋದ ತಿಂಗಳು ಅಜ್ಜಂಪುರ ಕಡೆಯ ಕೇಳುಗರೊಬ್ಬರು ಒಂದು ಫೋಟೊ ಕಳಿಸಿದ್ರು. ಹಳೇ ಕವಡೆ ಸರ. ಕಪ್ಪು ಉಣ್ಣೆ ದಾರ, ಮಧ್ಯೆ ಮಧ್ಯೆ ಗಂಟು, ಸಾಲಾಗಿ ಪೋಣಿಸಿದ ಕವಡೆಗಳು. ಅವರ ತಂದೆ ಸಾಕಿದ್ದ ಜೋಡಿ ಎತ್ತಿನ ಕೊರಳಿಗೆ ಕಟ್ತಿದ್ದ ಸರ ಅಂತೆ. ಎತ್ತು ಹೋಗಿ ವರ್ಷಗಳಾದವು, ತಂದೆಯೂ ಈಗಿಲ್ಲ. ಅಟ್ಟದ ಮೇಲೆ ಸಿಕ್ಕಿದ ಸರವನ್ನ ಇವರು ಪ್ರೀತಿಯಿಂದ ಹಿತ್ತಾಳೆ ಪಾತ್ರೆ ತೊಳೆಯೋ ಹಾಗೆ ಹುಣಸೇಹಣ್ಣು ಹಾಕಿ ಉಜ್ಜಿ, ರಾತ್ರಿಯೆಲ್ಲಾ ಅದರ ನೀರಲ್ಲೇ ನೆನೆಸಿಟ್ಟರು. ಬೆಳಗ್ಗೆ ನೋಡಿದ್ರೆ ಹೊಳಪೇ ಇಲ್ಲ, ಸೀಮೆಸುಣ್ಣದ ಥರ ಬಿಳಚಿಕೊಂಡಿದೆ. ಅವರ ಪ್ರಶ್ನೆ ಎರಡೇ ಸಾಲು. ‘ಇದು ಕಲ್ಲೋ, ಮೂಳೆಯೋ? ಹೋದ ಹೊಳಪು ವಾಪಸ್ ಬರತ್ತಾ?’

ಎರಡನೇ ಪ್ರಶ್ನೆಗೆ ಉತ್ತರ ಮೊದಲೇ ಹೇಳಿಬಿಡ್ತೀನಿ: ಬರಲ್ಲ. ಯಾಕೆ ಬರಲ್ಲ ಅನ್ನೋದನ್ನ ಹೇಳೋಕೆ ಹೋದ್ರೆ ಇನ್ನೂರು ಕಿಲೋಮೀಟರ್ ಆಚೆ ಇರೋ ಸಮುದ್ರಕ್ಕೆ, ಅಲ್ಲಿಂದ ಮಾಲ್ಡೀವ್ಸ್‌ಗೆ, ಅಲ್ಲಿಂದ ಆಫ್ರಿಕಾಗೆಲ್ಲ ಹೋಗಿ ಬರಬೇಕಾಗತ್ತೆ. ಹೋಗಿ ಬರೋಣ.

ಮೊದಲು ಊರಲ್ಲೇ ಸ್ವಲ್ಪ ಸುತ್ತಾಡೋಣ. ದಸರಾ ಹೊತ್ತಿಗೆ ಬೀರೂರಿನ ಮಹಾನವಮಿ ಬಯಲಿಗೆ ಬಂದರೆ ಮೈಲಾರಲಿಂಗ ಸ್ವಾಮಿಯ ಕಾರ್ಣಿಕ ಕೇಳೋಕೆ ಜನ ಕಿಕ್ಕಿರಿದಿರ್ತಾರೆ. ಅಲ್ಲಿನ ಗೊರವಯ್ಯಗಳನ್ನ ನೋಡಿ. ಕರೀ ಕಂಬಳಿಯ ನಿಲುವಂಗಿ, ಕರಡಿ ಕೂದಲಿನ ಕುಲಾವಿ, ಕೈಯಲ್ಲಿ ಡಮರುಗ, ಹಣೆಗೆ ಭಂಡಾರ, ಕೊರಳಲ್ಲಿ ಕವಡೆ ಸರ. ಅಂತರಘಟ್ಟೆಯ ದುರ್ಗಾಂಬಾ ಜಾತ್ರೆಗೆ ಗಾಡಿ ಕಟ್ಟಿಕೊಂಡು ಬರೋರು ಎತ್ತುಗಳನ್ನ ಸಿಂಗರಿಸಿರ್ತಾರೆ, ಗೆಜ್ಜೆ, ಗೊಂಡೆ, ಜೊತೆಗೆ ಕವಡೆ. ತರೀಕೆರೆ ಕಡೆಯ ಲಂಬಾಣಿ ತಾಂಡಾಗಳಲ್ಲಿ ಅಜ್ಜಿಯರ ಹಳೇ ಕಸೂತಿ ಬಟ್ಟೆ ಬಿಡಿಸಿ ನೋಡಿದ್ರೆ ಅಂಚಿಗೆ ಕವಡೆ ಹೊಲಿದಿರ್ತಾರೆ. ಇನ್ನು ಚೌಕಾಬಾರ ಆಡದ ಮನೆ ಯಾವುದು? ಐದು ಐದಲಿ ಇಪ್ಪತ್ತೈದು ಮನೆ, ನಾಲ್ಕು ಕವಡೆ. ಬಾಯಿ ಮೇಲಾಗಿ ಬಿದ್ದದ್ದನ್ನ ಎಣಿಸೋದು, ನಾಲ್ಕೂ ಬೋರಲು ಬಿದ್ದರೆ ಎಂಟು. ನಮ್ಮಜ್ಜಿ ಕವಡೆಯನ್ನ ಒಂದು ಹಳೇ ಪೌಡರ್ ಡಬ್ಬದಲ್ಲಿ ಇಟ್ಕೊಂಡಿದ್ರು. ಅದು ಕಳೆದ ಮೇಲೆ ಹುಣಸೇ ಬೀಜ ಉಜ್ಜಿ ಆಡ್ತಿದ್ವಿ, ಆದರೆ ಅದಕ್ಕೆ ಆ ‘ಕಣ ಕಣ’ ಸದ್ದು ಬರ್ತಿರಲಿಲ್ಲ.

ದೇವರಿಗೆ, ದನಕ್ಕೆ, ಬಟ್ಟೆಗೆ, ಆಟಕ್ಕೆ, ಹೀಗೆ ಎಲ್ಲಾ ಕಡೆ ಇರೋ ವಸ್ತು ಇದು. ಅದರ ಒಡೆಯ ಪ್ರಾಣಿಯನ್ನ ಮಾತ್ರ ಈ ಸೀಮೆಯಲ್ಲಿ ಯಾರೂ ನೋಡಿಲ್ಲ. ಕಡೂರು ಸಮುದ್ರಮಟ್ಟದಿಂದ ಎರಡೂವರೆ ಸಾವಿರ ಅಡಿ ಮೇಲಿದೆ. ಅಯ್ಯನಕೆರೆ ದಂಡೆಯಲ್ಲಿ ಬಸವನಹುಳುವಿನ ಖಾಲಿ ಚಿಪ್ಪು ಬೇಕಾದಷ್ಟು ಆರಿಸಬಹುದು. ಕವಡೆ ಒಂದೂ ಸಿಗಲ್ಲ.

ವಿಚಿತ್ರ ಅಂದರೆ ಕವಡೆಯೂ ಬಸವನಹುಳುವೇ. ಕೆರೆಯದ್ದಲ್ಲ, ಕಡಲಿನದ್ದು. ಆಳವಿಲ್ಲದ ಬೆಚ್ಚಗಿನ ನೀರು, ಹವಳದ ದಿಬ್ಬ, ಬಂಡೆ ಸಂದಿ ಇದರ ಮನೆ. ಹಗಲು ಕಲ್ಲಿನಡಿ ಅಡಗಿದ್ದು ಕತ್ತಲಾದ ಮೇಲೆ ಹೊರಗೆ ಬಂದು ಪಾಚಿ ಮೇಯತ್ತೆ. ನಾವು ಹೆಚ್ಚಾಗಿ ನೋಡೋ ಚಿಕ್ಕ ಕವಡೆಗೆ 1758ರಲ್ಲಿ ವಿಜ್ಞಾನಿ ಲಿನೇಯಸ್ ಕೊಟ್ಟ ಹೆಸರು ‘ಸಿಪ್ರಿಯಾ ಮೊನೆಟಾ’. ಮೊನೆಟಾ ಅಂದ್ರೆ ದುಡ್ಡು. ಈಗ ಅದನ್ನ ‘ಮೊನೆಟೇರಿಯಾ ಮೊನೆಟಾ’ ಅಂತಾರೆ. ಗಾತ್ರ ಒಂದೂವರೆಯಿಂದ ಮೂರು ಸೆಂಟಿಮೀಟರ್, ನಮ್ಮ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು ಅಂದ್ಕೊಳ್ಳಿ.

‘ಬಸವನಹುಳು ಅಂದ್ರೆ ಸುರುಳಿ ಇರಬೇಕಲ್ಲ, ಕವಡೆಯಲ್ಲಿ ಎಲ್ಲಿದೆ?’ ಅಂತ ನೀವು ಕೇಳಬಹುದು. ಇದೆ, ಒಳಗೆ ಮುಚ್ಚಿಹೋಗಿದೆ. ಮರಿಯಾಗಿದ್ದಾಗ ಕವಡೆ ಕೂಡ ತೆಳ್ಳನೆ ಚಿಪ್ಪಿನ, ಅಗಲ ಬಾಯಿಯ ಮಾಮೂಲಿ ಬಸವನಹುಳುವಿನ ಹಾಗೇ ಇರತ್ತೆ. ಬೆಳೆದು ಪ್ರಾಯಕ್ಕೆ ಬಂದಾಗ ಬಾಯಿಯ ಹೊರ ಅಂಚು ಒಳಕ್ಕೆ ಮಡಚಿಕೊಳ್ಳತ್ತೆ, ಎರಡೂ ಕಡೆ ಹಲ್ಲು ಮೂಡತ್ತೆ, ಕೊನೆಯ ಸುತ್ತು ಹಿಂದಿನ ಸುತ್ತುಗಳನ್ನೆಲ್ಲ ಹೊದ್ದುಕೊಂಡುಬಿಡತ್ತೆ. ಅಲ್ಲಿಗೆ ಉದ್ದ ಬೆಳೆಯೋದು ಮುಗೀತು. ಆಮೇಲೆ ಚಿಪ್ಪು ದಪ್ಪ ಆಗತ್ತೆ ಅಷ್ಟೇ. ಎಷ್ಟೋ ಬಸವನಹುಳುಗಳಿಗೆ ಬಾಗಿಲ ಹಾಗೆ ಒಂದು ಮುಚ್ಚಳ ಇರತ್ತೆ, ಕವಡೆಗೆ ಅದಿಲ್ಲ. ಆ ಹಲ್ಲಿನ ಸಾಲು, ಕಿರಿದಾದ ಸೀಳು ಬಾಯಿ, ಅದೇ ಅದರ ಬಾಗಿಲು.

ನಮ್ಮ ಕೇಳುಗರ ಸರಕ್ಕೆ ಸಂಬಂಧಪಟ್ಟ ಮುಖ್ಯ ವಿಷಯ ಈಗ ಬಂತು. ಬೇರೆ ಚಿಪ್ಪುಗಳು ಒರಟಾಗಿ, ಪಾಚಿ ಹಿಡಿದು, ಗೀರು ಬಿದ್ದು ಇರೋವಾಗ ಕವಡೆ ಮಾತ್ರ ಪಾಲಿಶ್ ಹಾಕಿದ ಹಾಗೆ ಯಾಕೆ ಹೊಳೆಯತ್ತೆ? ಜೀವಂತ ಇರೋವಾಗ ಆ ಹುಳು ತನ್ನ ಮೈಯ ಮೆತ್ತನೆಯ ಪದರವೊಂದನ್ನ ಎರಡೂ ಕಡೆಯಿಂದ ಹೊರಗೆ ತಂದು ಇಡೀ ಚಿಪ್ಪಿನ ಮೇಲೆ ಹೊದಿಸಿಕೊಳ್ಳತ್ತೆ, ಕಂಬಳಿ ಹೊದ್ದ ಹಾಗೆ. ಆ ಪದರವೇ ಚಿಪ್ಪಿನ ಹೊರಮೈಗೆ ಸುಣ್ಣದ ನುಣುಪು ಲೇಪನ ಕೊಡ್ತಾ ಇರತ್ತೆ. ಅಂದರೆ ನಾವು ಹೊಳಪು ಅಂತ ಕರೆಯೋದು ಪ್ರಾಣಿ ತನ್ನ ಮೈಯಿಂದ ಒಸರಿದ ಕೊನೇ ಪದರ. ಹುಳು ಸತ್ತ ಮೇಲೆ ಅದನ್ನ ಹಚ್ಚೋರು ಯಾರೂ ಇಲ್ಲ. ಯುರೋಪಿನವರಿಗೆ ಚೀನಾದ ಪಿಂಗಾಣಿ ಮೊದಲು ಕಂಡಾಗ ಈ ಚಿಪ್ಪಿನ ನೆನಪಾಯ್ತಂತೆ. ಇಟಲಿಯಲ್ಲಿ ಕವಡೆಗಿದ್ದ ‘ಪೋರ್ಸೆಲ್ಲಾನಾ’ ಅನ್ನೋ ಹೆಸರೇ ಪಿಂಗಾಣಿಗೂ ಬಂತು, ಇಂಗ್ಲಿಷಿನ ಪೋರ್ಸಲೇನ್ ಆಯ್ತು.

ಇನ್ನು ಆ ಲೇಪನ ಏನು ಅಂದ್ರೆ ಕ್ಯಾಲ್ಶಿಯಂ ಕಾರ್ಬೊನೇಟ್. ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡ್ತಾರಲ್ಲ, ಅದೇ ಪದಾರ್ಥ. ಹುಳಿ ತಾಗಿದ್ರೆ ಕರಗತ್ತೆ. ಹಿತ್ತಾಳೆ ಮೇಲೆ ಹುಣಸೇಹಣ್ಣು ಕಿಲುಬನ್ನ ಮಾತ್ರ ತೆಗೆಯತ್ತೆ, ಹಾಗಾಗಿ ಪಾತ್ರೆ ಹೊಳೆಯತ್ತೆ. ಕವಡೆಯಲ್ಲಿ ಕಿಲುಬೇ ಇಲ್ಲ, ಮೈಯನ್ನೇ ತಿಂದುಬಿಡತ್ತೆ. ಅಜ್ಜಂಪುರದ ಆ ಸರಕ್ಕೆ ಒಂದು ರಾತ್ರಿಯಲ್ಲಿ ಆಗಿದ್ದು ಇದು. ನಿಂಬೆಹಣ್ಣು, ವಿನೆಗರ್, ಹುಳಿ ಮಜ್ಜಿಗೆ ಎಲ್ಲದಕ್ಕೂ ಇದೇ ಲೆಕ್ಕ.

ಸರಿ, ಇದು ಕಡೂರಿಗೆ ಬಂದದ್ದು ಹೇಗೆ?

ಕರ್ನಾಟಕದ ಕರಾವಳಿ ಬಂಡೆಗಳಲ್ಲೂ ಕವಡೆ ಕುಲದ ಹುಳುಗಳಿವೆ. ಆದರೆ ಮೂಟೆಗಟ್ಟಲೆ ಚಿಕ್ಕ ಕವಡೆ ಸಿಗ್ತಿದ್ದ ಜಾಗ ಅಂದ್ರೆ ಮಾಲ್ಡೀವ್ಸ್, ಸ್ವಲ್ಪ ಮಟ್ಟಿಗೆ ಲಕ್ಷದ್ವೀಪ. 1340ರ ದಶಕದಲ್ಲಿ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ನಮ್ಮ ಹೊನ್ನಾವರ, ಮಂಗಳೂರನ್ನೆಲ್ಲ ನೋಡಿ ಮಾಲ್ಡೀವ್ಸ್‌ಗೆ ಹೋಗಿ ಅಲ್ಲಿ ನ್ಯಾಯಾಧೀಶನಾಗಿದ್ದ. ಕವಡೆಯನ್ನ ಕಡಲಿಂದ ಆರಿಸಿ ದಡದಲ್ಲಿ ಗುಂಡಿ ತೋಡಿ ಹಾಕ್ತಾರೆ, ಮಾಂಸ ಕೊಳೆತು ಹೋಗಿ ಬಿಳೀ ಚಿಪ್ಪು ಉಳಿಯತ್ತೆ, ಅದನ್ನ ಬಂಗಾಳದವರಿಗೆ ಅಕ್ಕಿಗೆ ಬದಲಾಗಿ ಕೊಡ್ತಾರೆ ಅಂತ ಬರೆದಿದ್ದಾನೆ. ಅವನು ಕೊಡೋ ದರ ಕೇಳಿ. ಮಾಲ್ಡೀವ್ಸ್‌ನಲ್ಲಿ ಒಂದು ಚಿನ್ನದ ದೀನಾರಿಗೆ ನಾಲ್ಕು ಲಕ್ಷ ಕವಡೆ, ಬೆಲೆ ಬಿದ್ದಾಗ ಹನ್ನೆರಡು ಲಕ್ಷ. ಕೆಲವು ವರ್ಷಗಳ ನಂತರ ಅವನೇ ಪಶ್ಚಿಮ ಆಫ್ರಿಕಾದ ಮಾಲಿಗೆ ಹೋದಾಗ ಅಲ್ಲೂ ಇದೇ ಕವಡೆ ಚಲಾವಣೆಯಲ್ಲಿತ್ತು. ಅಲ್ಲಿ ಒಂದು ದೀನಾರಿಗೆ ಬರೀ 1150. ಒಂದೇ ಹುಳು, ಒಂದೇ ಚಿಪ್ಪು. ದೂರ ಹೋದ ಹಾಗೆ ಮುನ್ನೂರು ಪಟ್ಟಿಗೂ ಮಿಕ್ಕಿ ಬೆಲೆ!

1602ರಲ್ಲಿ ಹಡಗು ಒಡೆದು ಅದೇ ದ್ವೀಪಗಳಲ್ಲಿ ಸಿಕ್ಕಿಹಾಕಿಕೊಂಡ ಫ್ರೆಂಚ್ ನಾವಿಕ ಪಿರಾರ್ ಕೂಡ ಇದನ್ನ ಕಂಡಿದ್ದಾನೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದಿನಗಳಲ್ಲಿ ಹೆಂಗಸರು ಸೊಂಟದ ಮಟ್ಟದ ನೀರಿಗಿಳಿದು ಕವಡೆ ಆರಿಸ್ತಿದ್ರು. ಆ ದಿನಗಳೇ ಯಾಕೆ ಅಂದ್ರೆ, ಆಗ ಇಳಿತ ಜಾಸ್ತಿ, ನೀರು ದೂರ ಸರಿದು ದಿಬ್ಬ ತೆರೆದುಕೊಳ್ಳತ್ತೆ.

ಕವಡೆ ದುಡ್ಡಾಗಿದ್ದಕ್ಕೆ ಕಾರಣ ಹುಡುಕೋದು ಕಷ್ಟವಲ್ಲ. ಹೆಚ್ಚುಕಮ್ಮಿ ಒಂದೇ ಗಾತ್ರ, ತುಕ್ಕು ಹಿಡಿಯಲ್ಲ, ಇಲಿ ತಿನ್ನಲ್ಲ, ಖೋಟಾ ಮಾಡೋಕೆ ಆಗಲ್ಲ, ಎಣಿಸಬಹುದು, ಬೇಸರ ಆದ್ರೆ ಸೇರಲ್ಲಿ ಅಳೀಬಹುದು. ಭಾಸ್ಕರಾಚಾರ್ಯರ ‘ಲೀಲಾವತಿ’ಯ ನಾಣ್ಯದ ಕೋಷ್ಟಕ ಶುರುವಾಗೋದೇ ಇಪ್ಪತ್ತು ಕವಡೆಗೆ ಒಂದು ಕಾಕಿಣಿ ಅನ್ನೋ ಲೆಕ್ಕದಿಂದ. ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪನಿ ಕಾಲದ ಲೆಕ್ಕ ಒಂದು ರೂಪಾಯಿಗೆ 5120 ಕವಡೆ. ಈಗಿನ ಬಾಂಗ್ಲಾದೇಶದ ಸಿಲ್ಹೆಟ್‌ಗೆ 1778ರ ಹೊತ್ತಿಗೆ ಕಲೆಕ್ಟರ್ ಆಗಿ ಬಂದ ರಾಬರ್ಟ್ ಲಿಂಡ್ಸೆ ಅನ್ನೋನು ಪೇಚಿಗೆ ಸಿಕ್ಕಿದ್ದ. ಜಿಲ್ಲೆಯ ಕಂದಾಯ ಎರಡೂವರೆ ಲಕ್ಷ ರೂಪಾಯಿ, ಬರೋದೆಲ್ಲ ಕವಡೆಯಲ್ಲಿ. ನೀವೇ ಗುಣಿಸಿ, 128 ಕೋಟಿ ಕವಡೆ. ಅದನ್ನ ಇಡೋಕೆ ಗೋದಾಮು, ಢಾಕಾಗೆ ಸಾಗಿಸೋಕೆ ದೋಣಿಗಳು! ನಮ್ಮ ತಾಲ್ಲೂಕು ಕಚೇರಿ ಖಜಾನೆಯಲ್ಲಿ ಕವಡೆ ರಾಶಿ ಹಾಕಿಕೊಂಡು ಗುಮಾಸ್ತರು ಕೂತಿರೋದನ್ನ ಊಹಿಸಿಕೊಂಡ್ರೆ ನಗು ಬರತ್ತೆ.

ಆದರೆ ನಗೋ ಕಥೆ ಅಲ್ಲ ಇದು. ಡಚ್ಚರು, ಇಂಗ್ಲಿಷರು ಇದೇ ಕವಡೆಯನ್ನ ಹಡಗಿನ ತಳಭಾರವಾಗಿ ತುಂಬಿಕೊಂಡು ಆಮ್‌ಸ್ಟರ್‌ಡ್ಯಾಮ್, ಲಂಡನ್‌ಗೆ ಒಯ್ದರು. ಅಲ್ಲಿಂದ ಪಶ್ಚಿಮ ಆಫ್ರಿಕಾಗೆ ಕಳಿಸಿ ಅಲ್ಲಿ ಮನುಷ್ಯರನ್ನ ಕೊಂಡರು. ಗುಲಾಮರ ವ್ಯಾಪಾರದಲ್ಲಿ ಬಟ್ಟೆ, ಬಂದೂಕು, ಮದ್ಯದ ಜೊತೆ ಕವಡೆಯೂ ಒಂದು ದೊಡ್ಡ ಪಾವತಿ. ಹದಿನೆಂಟನೇ ಶತಮಾನವೊಂದರಲ್ಲೇ ನೂರಾರು ಕೋಟಿ ಚಿಪ್ಪುಗಳು ಆ ದಾರಿ ಹಿಡಿದವು. ಆಮೇಲೆ ಹತ್ತೊಂಬತ್ತನೇ ಶತಮಾನದಲ್ಲಿ ಜಾಂಜಿಬಾರ್ ಕಡೆಯಿಂದ ಇನ್ನೊಂದು ಜಾತಿಯ ಕವಡೆ, ಬೆನ್ನ ಮೇಲೆ ಹಳದಿ ಉಂಗುರ ಇರೋದು, ಅಗ್ಗವಾಗಿ ಸುರಿಯಿತು. ಆಫ್ರಿಕಾದಲ್ಲಿ ಕವಡೆಯ ಬೆಲೆ ಕುಸಿದುಹೋಯ್ತು, ಕೂಡಿಟ್ಟೋರ ಕೈಲಿ ಬರೀ ಚಿಪ್ಪು ಉಳೀತು.

ನಮ್ಮ ದೇಶದಲ್ಲೂ ಹೀಗೇ ಆಯ್ತು. 1803ರಲ್ಲಿ ಒಡಿಶಾ ಕಂಪನಿ ಕೈಗೆ ಬಂದ ಮೇಲೆ ಕಂದಾಯ ಬೆಳ್ಳಿ ರೂಪಾಯಿಯಲ್ಲೇ ಕಟ್ಟಬೇಕು ಅಂದ್ರು. ರೈತರ ಹತ್ರ ಇದ್ದದ್ದು ಕವಡೆ. ಅದನ್ನ ರೂಪಾಯಿಗೆ ಬದಲಾಯಿಸೋಕೆ ಹೋದ್ರೆ ಸಾಹುಕಾರ ಹೇಳಿದ್ದೇ ದರ. 1817ರ ಪೈಕಾ ದಂಗೆಗೆ ಇತಿಹಾಸಕಾರರು ಕೊಡೋ ಕಾರಣಗಳಲ್ಲಿ ಇದೂ ಒಂದು. 2016ರ ನವೆಂಬರ್ 8ರ ರಾತ್ರಿ ಟಿವಿ ಮುಂದೆ ಕೂತಿದ್ದು ನೆನಪಿದೆಯಲ್ಲ? ಅಕ್ಕಿ ಡಬ್ಬದ ತಳದಲ್ಲಿ ಐನೂರರ ನೋಟು ಬಚ್ಚಿಟ್ಟಿದ್ದ ನಮ್ಮ ಊರಿನ ಹೆಂಗಸರಿಗೆ ಒಡಿಶಾದವರ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

ಮೈಸೂರು ಸೀಮೆಯಲ್ಲಿ ಚಿಲ್ಲರೆ ವ್ಯವಹಾರ ತಾಮ್ರದ ಕಾಸಿನದ್ದು. ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಅಂತ ಬೈಯ್ಯೋದು ನಾವು ಕಲಿತಿದ್ದೀವಿ, ಆದರೆ ಇಲ್ಲಿ ಕವಡೆ ಮುಖ್ಯವಾಗಿ ಒಡವೆ ಆಗಿ, ಆಟದ ಕಾಯಿ ಆಗಿ, ದೇವರ ಗುರುತಾಗಿ ಉಳೀತು. ದಾರಿಯ ಬಗ್ಗೆ ನನ್ನ ಅಂದಾಜು ಹೇಳ್ತೀನಿ. ಲಕ್ಷದ್ವೀಪದ ಉತ್ತರದ ದ್ವೀಪಗಳು, ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಒಂದು ಕಾಲಕ್ಕೆ ಟಿಪ್ಪುವಿನ ಆಳ್ವಿಕೆಗೆ ಸೇರಿದ್ವು. ಆಮೇಲೆ 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ವು, ಮಂಗಳೂರೇ ಅವರ ಪೇಟೆ. ದ್ವೀಪದವರು ತೆಂಗಿನ ನಾರು, ಕವಡೆ ತರ್ತಿದ್ರು, ಅಕ್ಕಿ ಒಯ್ತಿದ್ರು. ಇತ್ತ ಘಟ್ಟದ ಮೇಲಿನಿಂದ ಧಾನ್ಯ ಹೇರಿಕೊಂಡು ಇಳಿದು ಉಪ್ಪು ಹೇರಿಕೊಂಡು ಹತ್ತುತ್ತಿದ್ದವರು ಲಂಬಾಣಿಗಳು, ಅವರ ಹೇರೆತ್ತುಗಳ ಹಿಂಡು. ಅವರ ಬಟ್ಟೆಗೂ ಎತ್ತುಗಳ ಕೊರಳಿಗೂ ಒಂದೇ ಕವಡೆ ಇರೋದು ಸುಮ್ಮನೆ ಅಲ್ಲ ಅನ್ಸತ್ತೆ ನನಗೆ. ಉಪ್ಪಿನ ಮೂಟೆ ಜೊತೆ ಹಗುರವಾದ, ಕೆಡದ, ನಾಲ್ಕು ಕಾಸು ಲಾಭ ಬರೋ ಸರಕು ಇದು. 1880ರ ದಶಕದಲ್ಲಿ ಕಡೂರು, ಬೀರೂರು, ಅಜ್ಜಂಪುರದ ಮೇಲೆ ರೈಲು ಬಂದ ಮೇಲೆ ಆ ಹೇರೆತ್ತುಗಳ ಕಾಲ ಮುಗೀತು. ಕವಡೆ ಉಳೀತು.

ಅಜ್ಜಂಪುರದಲ್ಲಿ ಎತ್ತಿನ ಕೊರಳಿಗೆ ಅದು ಇಷ್ಟು ಗಟ್ಟಿಯಾಗಿ ಅಂಟಿಕೊಂಡಿರೋದಕ್ಕೂ ಕಾರಣ ಇದೆ. ಅಮೃತಮಹಲ್ ತಳಿಯ ಊರು ಇದು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ ಬಂದು, ಟಿಪ್ಪು ಅಮೃತಮಹಲ್ ಅಂತ ಹೆಸರಿಟ್ಟ ದನಗಳು. ಅವುಗಳ ಸರ್ಕಾರಿ ತಳಿ ಸಂವರ್ಧನಾ ಕೇಂದ್ರ ಈಗಲೂ ಅಲ್ಲಿದೆ, ಅಲ್ಲಿನ ಹೋರಿಕರುಗಳ ಹರಾಜಿಗೆ ದೂರದೂರದಿಂದ ರೈತರು ಬರ್ತಾರೆ. ಒಳ್ಳೇ ಜೋಡಿ ಕಟ್ಟಿದವನು ಅದಕ್ಕೆ ಸಿಂಗಾರ ಮಾಡದೆ ಇರ್ತಾನಾ? ದೃಷ್ಟಿ ತಾಗಬಾರದು ಅಂತ ಕಪ್ಪು ಉಣ್ಣೆ, ಅದರ ಮೇಲೆ ಬಿಳೀ ಕವಡೆ. ಕಣ್ಣಿನ ಆಕಾರದ್ದು ಕಣ್ಣನ್ನ ತಡೆಯತ್ತೆ ಅನ್ನೋ ನಂಬಿಕೆ. ಟ್ರ್ಯಾಕ್ಟರ್‌ಗೂ ಈಗ ಯಾರೋ ಕಟ್ಟಿರೋದನ್ನ ನೋಡಿದೀನಿ.

ಈಗ ಮಾರ್ಕೆಟ್ ವಿಷಯ. ಆನ್‌ಲೈನಲ್ಲಿ ‘ಲಕ್ಷ್ಮೀ ಕವಡೆ’ ಅಂತ ಹಳದಿ ಬಣ್ಣದ್ದನ್ನ, ಮನೇಲಿಟ್ಟರೆ ದುಡ್ಡು ಬರತ್ತೆ ಅಂತ ಮಾರ್ತಿದಾರೆ. ದುಡ್ಡು ಮಾರೋರಿಗೆ ಬರೋದು ಖಂಡಿತ. ಕೆಲವು ಪ್ಲಾಸ್ಟಿಕ್. ಗುರುತಿಸೋದು ಸುಲಭ: ಪ್ಲಾಸ್ಟಿಕ್ ಹಗುರ, ಎಲ್ಲದರ ಹಲ್ಲಿನ ಸಾಲೂ ಅಚ್ಚು ಹೊಡೆದ ಹಾಗೆ ಒಂದೇ ಥರ. ನಿಜವಾದ ಕವಡೆ ಕೆನ್ನೆಗೆ ಒತ್ತಿದ್ರೆ ತಣ್ಣಗಿರತ್ತೆ, ಒಂದರ ಹಲ್ಲು ಇನ್ನೊಂದರ ಹಾಗಿರಲ್ಲ. ಒಡೆದ ಚೂರಿದ್ದರೆ ಅದರ ಮೇಲೆ ಒಂದು ಹನಿ ನಿಂಬೆರಸ ಬಿಡಿ, ನೊರೆ ಏಳತ್ತೆ. ಇಡೀ ಕವಡೆ ಮೇಲೆ ಮಾತ್ರ ಬೇಡ, ಯಾಕೆ ಅಂತ ಗೊತ್ತಲ್ಲ.

ಹೊಳೆಯೋ ಕವಡೆ ಬೇಕು ಅಂದ್ರೆ ಜೀವಂತ ಹುಳುವನ್ನೇ ಹಿಡೀಬೇಕು. ಸತ್ತು ದಡಕ್ಕೆ ಬಂದದ್ದು ಮರಳಲ್ಲಿ ಉರುಳಿ ಉರುಳಿ ಮಾಸಿರತ್ತೆ. ಇದನ್ನ ಕೊಳ್ಳೋರು ಹೆಚ್ಚಾಗಿ ಯೋಚಿಸಿರಲ್ಲ. ಹೆಣ್ಣು ಕವಡೆ ಕಲ್ಲಿನಡಿ ಮೊಟ್ಟೆ ಇಟ್ಟು ಮರಿ ಹೊರಡೋ ತನಕ ಅದರ ಮೇಲೇ ಕೂತು ಕಾಯತ್ತೆ. ಯಾರೋ ಕಲ್ಲು ಮಗುಚಿ ಹಾಗೇ ಬಿಟ್ಟು ಹೋದ್ರೆ ಮೊಟ್ಟೆಗಳೂ ಹೋದವು, ಆ ಕಲ್ಲಿನ ಅಡಿಯಲ್ಲಿದ್ದ ಬಾಕಿ ಜೀವಗಳೂ ಹೋದವು. ನಮ್ಮ ವನ್ಯಜೀವಿ ಕಾಯ್ದೆಯ ಪಟ್ಟಿಗೆ 2001ರಲ್ಲಿ ಕೆಲವು ಶಂಖ, ಚಿಪ್ಪುಗಳು ಸೇರಿದಾಗ ಮೂರು ಜಾತಿಯ ಕವಡೆಗಳೂ ಸೇರಿದವು. ಈ ದುಡ್ಡಿನ ಕವಡೆ ಅದರಲ್ಲಿರಲಿಲ್ಲ. ಮುರ್ಡೇಶ್ವರಕ್ಕೋ ಲಕ್ಷದ್ವೀಪಕ್ಕೋ ಹೋದಾಗ ಮಕ್ಕಳು ಕಲ್ಲು ಎತ್ತಿ ನೋಡಿದ್ರೆ ಬೈಬೇಡಿ, ಇದ್ದ ಹಾಗೇ ಮೆಲ್ಲಗೆ ವಾಪಸ್ ಇಡೋಕೆ ಹೇಳಿ.

ಕೊನೆಗೆ ಆ ಸರದ ವಿಷಯಕ್ಕೆ ಬರ್ತೀನಿ. ಅವರಿಗೆ ನಾನು ಬರೆದದ್ದು ಇಷ್ಟು. ಇನ್ನು ಹುಳಿ, ಸೋಪಿನ ಪುಡಿ, ಬ್ಲೀಚ್ ಯಾವುದೂ ಬೇಡ. ಬರೀ ನೀರಲ್ಲಿ ಎರಡು ಮೂರು ಸಲ ಅದ್ದಿ ಹುಳಿಯ ಅಂಶ ಹೋಗಿಸಿ, ನೆರಳಲ್ಲಿ ಚೆನ್ನಾಗಿ ಒಣಗಿಸಿ. ಒಂದು ಹನಿ ಎಣ್ಣೆ ಸವರಿದ್ರೆ ಬಣ್ಣ ಸ್ವಲ್ಪ ದಿನ ಎದ್ದು ಕಾಣತ್ತೆ, ಮೊದಲಿನ ಹೊಳಪಲ್ಲ ಅದು. ಮರದ ಪೆಟ್ಟಿಗೆ, ರಟ್ಟಿನ ಡಬ್ಬದಲ್ಲಿ ಮುಚ್ಚಿಡಬೇಡಿ. ಕೆಲವು ಮರ ಮತ್ತು ರಟ್ಟಿನಿಂದ ಹೊರಡೋ ಹುಳಿ ಆವಿ ನಿಧಾನವಾಗಿ ಚಿಪ್ಪಿನ ಮೇಲೆ ಬಿಳೀ ಪುಡಿ ಬರಿಸತ್ತೆ, ಮ್ಯೂಸಿಯಂಗಳಲ್ಲೇ ಈ ಕಾಟ ಇದೆ. ಗೋಡೆಗೆ ತೂಗುಹಾಕೋದೇ ವಾಸಿ. ಆಮೇಲೆ ಬೆನ್ನು ಕೊಯ್ದ ಕವಡೆಗಳ ಒಳಗೆ ಟಾರ್ಚ್ ಬಿಟ್ಟು ನೋಡಿ, ಮುಚ್ಚಿಹೋಗಿದ್ದ ಆ ಸುರುಳಿ ಕಾಣತ್ತೆ ಅಂದೆ.

ಮೊನ್ನೆ ಉತ್ತರ ಬಂತು. ಸರದಲ್ಲಿ ನಲವತ್ತೊಂದು ಕವಡೆ ಇವೆಯಂತೆ. ಗಂಟಿನ ಹಿಂದೆ ದಾರದೊಳಗೆ ಹುದುಗಿದ್ದ ಮೂರಕ್ಕೆ ಹುಣಸೇ ನೀರು ಅಷ್ಟಾಗಿ ತಾಗಿಲ್ಲ, ಅವು ಇನ್ನೂ ಹೊಳೀತಿವೆ. ಅದರಲ್ಲಿ ಒಂದರ ಬೆನ್ನು ಕೊಯ್ದಿಲ್ಲ, ಹಳದಿ ಉಂಗುರ ಇದೆ ಅಂತ ಫೋಟೊ ಹಾಕಿದಾರೆ. ಸರವನ್ನ ಅವರ ತಂದೆಯ ಫೋಟೊ ಪಕ್ಕ, ಕೊಟ್ಟಿಗೆ ಕಡೆಯ ಗೋಡೆಗೆ ಹಾಕಿದ್ದಾರೆ.

ನಿಮ್ಮನೆಯಲ್ಲೂ ಇಂಥದ್ದೇನಾದ್ರೂ ಇದ್ದರೆ ತೊಳೆಯೋ ಮುಂಚೆ ನಮಗೊಂದು ಮೆಸೇಜ್ ಹಾಕಿ. ಮುಂದಿನ ವಾರ ಸಿಗೋಣ, ನಮಸ್ಕಾರ.